ತಲೆಯಿಲ್ಲದ ಹೋರಿ

ಸಹೃದಯ ವಾಚಕ ಮಹಾಶಯರ ಸನ್ನಿಧಿಯಲ್ಲಿ ಅರಿಕೆ. ಅಪರಾಧಿಯನ್ನು ಅರಸಿ ಹೊರಟವನಿಗೆ ಕಣ್ಣು ಚುರುಕಾಗಿದ್ದರೆ ಸಾಲದು, ಮನಸ್ಸೂ ನಿರ್ಮಲವಾಗಿರತಕ್ಕದ್ದೆಂಬುದನ್ನು ತಾವು ಬಲ್ಲಿರಿ. ಪತ್ತೇದಾರ ಮಾರುತೇಶನ ಮನಸ್ಸು ಈ ದಿನ ನಿರ್ಮಲವಾಗಿಲ್ಲವೆಂಬ ಸಂಗತಿಯನ್ನು ಮೊದಲಿಗೇ ನಿವೇದಿಸಿಬಿಡುವುದು ಧರ್ಮ. ಚಳ್ಳಕೆರೆಯ ಡ್ರಾಯಿಂಗ್ ಮೇಷ್ಟ್ರು ಹನುಮಂತರಾಯರು ತಮ್ಮ ಮನೆಯ ಮಹಡಿ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದು ಇಂದಿಗೆ ಒಂಬತ್ತು ದಿನ. ಅವರ ಬೀರುವಿನಿಂದ ಏಳನೆಯ ಪುಸ್ತಕ ಮಾಯವಾಗಿಯೂ ಅಷ್ಟೇ ದಿನ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ತಾವು ಮೊಳಕಾಲ್ಮೂರಿನ ಒಂದು ಮಗ್ಗದ ಮನೆಯೊಳಕ್ಕೆ ದಯಮಾಡಿಸಬೇಕು.

“ಬರಿಯಲೇ,” ಎಂದ ಮಾರುತೇಶ. “ನನ್ನ ಕಣ್ಣೆದುರಿಗೇ ಬರಿ.”

ಪ್ರದೀಪ್ ತಲೆಯೆತ್ತಲಿಲ್ಲ. ಕಿಟಕಿಯ ಬಳಿ ಚಕ್ಕಂಬಕ್ಕಳ ಹಾಕಿ ಕುಳಿತು, ಸೀರೆಯ ಸೆರಗಿಗೆ ಬೇಕಾದ ಗಿಳಿಯೊಂದನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ಕೆಂಪು ಬಣ್ಣದಿಂದ ತುಂಬಿಸುತ್ತಿದ್ದ. ಆಚೆ ಮೂಲೆಯಲ್ಲಿ, ಮನೆಯ ಒಡತಿ ರಾಧಮ್ಮನ ಕುಣಿಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು.

“ಏನ್ ಬರೀಲಪ್ಪಾ? ನಿನ್ ಲಗ್ನಪತ್ರಿಕೆಯಾ? ಊರೋರ ಗಂಡು ಹೆಣ್ಣಿನ ವಿಚಾರಣೆ ಮಾಡ್ಕಂಡು ತಿರುಗ್ತೀಯ, ನಿಂದು ಯಾವಾಗ?”

“ನಾಲ್ಕನೇ ಪುಸ್ತಕ. ಹನ್ನೊಂದನೇ ಪುಟ.”

ಕುಂಚ ನಿಂತಿತು.

ಗೆರೆ ಎಂಬುದನ್ನು ಇಬ್ಬರೂ ಕಲಿತದ್ದು ಹನುಮಂತರಾಯರ ಆ ಪುಸ್ತಕಗಳಿಂದಲೇ. ಮೇಷ್ಟ್ರು ಕೈಯಾರೆ ಬರೆದು, ದಾರದಿಂದ ಹೊಲಿದು, ಖಾಕಿ ಬಟ್ಟೆಯ ಬೆನ್ನು ಕಟ್ಟಿದ್ದ ಏಳು ಪುಸ್ತಕಗಳು. ಒಂದನೆಯದರಲ್ಲಿ ಬರಿಯ ಗೆರೆ: ನೆಟ್ಟಗಿನದು, ಓರೆಯದು, ಬಾಗಿದ್ದು. ಎರಡನೆಯದು ಎಲೆ, ಮಡಕೆ. ಮೂರನೆಯದು ಹಣ್ಣು, ಹೂವು. ನಾಲ್ಕನೆಯದು ಪ್ರಾಣಿ, ಪಕ್ಷಿ. ಐದರಿಂದ ಬಣ್ಣ, ಆರರಲ್ಲಿ ಮನುಷ್ಯ. ಏಳರಲ್ಲಿ ಏನಿದೆಯೆಂಬುದು ಆರನ್ನು ದಾಟದವನಿಗೆ ತಿಳಿಯದು.

ಹಾಳೆಯ ಒಂದು ಮಗ್ಗುಲಿಗೆ ಮಾತ್ರ ಚಿತ್ರ, ಹಿಂಬದಿ ಖಾಲಿ. ಅಲ್ಲಿ ಯಾರೂ ಪೆನ್ಸಿಲ್ ತಾಗಿಸಕೂಡದು. ಶಿಷ್ಯನಾದವನು ಬೇರೆ ಹಾಳೆಯಲ್ಲಿ ನಕಲು ಮಾಡಬೇಕು. ಮೇಷ್ಟ್ರು ಅದರ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ “ಆಯಿತು” ಎಂದು ಬರೆದ ಮೇಲೆಯೇ ಮುಂದಿನ ಪುಟ.

ಮಾರುತೇಶನ ವಿದ್ಯೆ ನಾಲ್ಕನೆಯ ಪುಸ್ತಕದ ಹನ್ನೊಂದನೆಯ ಪುಟದಲ್ಲಿ ನಿಂತುಹೋಗಿತ್ತು. ದೊಡ್ಡಉಳ್ಳಾರ್ತಿಯ ದನ ಮೇಯುವ ಕಾವಲಿನಲ್ಲಿ ಕುಳಿತು ಮೇಷ್ಟ್ರು ನೋಡಿ ಬರೆದಿದ್ದ ಹೋರಿ ಅದು. ನಿಂತದ್ದಲ್ಲ, ಮಲಗಿದ್ದೂ ಅಲ್ಲ, ಏಳುತ್ತಿರುವುದು. ಹಿಂಗಾಲು ಎದ್ದಾಗಿದೆ, ಮುಂಗಾಲು ಇನ್ನೂ ಮಡಿಚಿಕೊಂಡು ನೆಲಕ್ಕೂರಿದೆ. ಎರಡು ವರ್ಷಗಳ ಭಾನುವಾರಗಳನ್ನು ಆ ಒಂದು ಮುಂಗಾಲು ನುಂಗಿತು. ಪ್ರತಿ ಸಲವೂ ಮೇಷ್ಟ್ರದು ಒಂದೇ ಮಾತು: “ಇದು ಏಳ್ತಿಲ್ಲ ಕಣಪ್ಪಾ, ಬೀಳ್ತೈತೆ.”

ಪ್ರದೀಪನಿಗೆ ಒಂದೇ ಭಾನುವಾರ ಸಾಕಾಗಿತ್ತು. ಎಣ್ಣೆ ಮಿಲ್ಲಿನವರ ಮಗ, ಶೇಂಗಾ ಹಿಂಡಿಯ ವಾಸನೆ ಹೊತ್ತುಕೊಂಡು ತಡವಾಗಿ ಬಂದು, ಸೀಟಿ ಹಾಕುತ್ತ ಬರೆದು, ಮೊದಲ ನಕಲಿಗೇ “ಆಯಿತು” ಗಿಟ್ಟಿಸಿಕೊಂಡಿದ್ದ. ಆ ಕೆಂಪು ಅಕ್ಷರ ಹದಿನೆಂಟು ವರ್ಷಗಳಿಂದ ಮಾರುತೇಶನ ಎದೆಯಲ್ಲಿ ಕೆಂಡದಂತೆ ಕೂತಿತ್ತು.

ಈಗ ಅವನು ಚೀಲದಿಂದ ಒಂದು ಹಾಳೆ ತೆಗೆದು ಪ್ರದೀಪನ ಮುಂದಿಟ್ಟ.

“ಮೇಷ್ಟ್ರು ಬಿದ್ದ ದಿನ ಮಹಡಿಯ ಡೆಸ್ಕಿನ ಮೇಲಿತ್ತು. ಪೆನ್ಸಿಲ್ಲೂ ಪಕ್ಕದಾಗೇ ಇತ್ತು. ಅವತ್ತು ಮಧ್ಯಾಹ್ನ ಆ ಮಹಡಿ ಹತ್ತಿದೋನು ನೀನೊಬ್ಬನೇ ಅಂತ ಲಕ್ಷ್ಮಕ್ಕ ಹೇಳ್ತಾರೆ.”

ಹಾಳೆಯಲ್ಲಿ ಅದೇ ಹೋರಿ, ಆದರೆ ಅರ್ಧ. ಗೊರಸು, ಮಡಿಚಿದ ಮುಂಗಾಲು, ಕೊರಳಡಿಯ ಗಂಗೆದೊಗಲಿನ ತುದಿ, ಹೊಟ್ಟೆಯ ಕೆಳಭಾಗ, ಎಲ್ಲವೂ ಒಂದೊಂದು ಕೂದಲಿನವರೆಗೆ ಪೂರ್ಣ. ಅಲ್ಲಿಂದ ಮೇಲೆ ಅಡ್ಡಕ್ಕೆ ಕತ್ತರಿಸಿದಂತೆ ಏನೂ ಇಲ್ಲ. ಹೆಗಲ ಮೇಲಿನ ಇಣಿಯಿಲ್ಲ, ಕೊಂಬಿಲ್ಲ, ತಲೆಯಿಲ್ಲ. ಎಡದ ಅಂಚಿನಲ್ಲಿ ಸಮದೂರಕ್ಕೆ ಸಣ್ಣ ಸಣ್ಣ ಗೀಟುಗಳು.

ಮೇಷ್ಟ್ರ ಮಡದಿ ಲಕ್ಷ್ಮಕ್ಕನೇ ಮಾರುತೇಶನನ್ನು ಈ ಕೆಲಸಕ್ಕೆ ಕರೆಸಿದ್ದವರು. ಚಿತ್ರದುರ್ಗದ ಆಸ್ಪತ್ರೆಯಲ್ಲಿ, ಕಣ್ಣು ಬಿಡದ ಗಂಡನ ಹಾಸಿಗೆಯ ಪಕ್ಕ ಕುಳಿತು, “ನಂಗೆ ಗೆರೆ ಗಿರೆ ಒಂದೂ ತಿಳಿಯಲ್ಲ ಕಣಪ್ಪಾ. ನೀನು ಆ ಪ್ರದೀಪನ ಜೊತೇಲಿ ಕಲಿತೋನು. ಅವನ ಕೈ ಹೌದು ಅಂತ ಪೊಲೀಸಿನೋರಿಗೆ ಒಂದು ಮಾತು ಹೇಳು, ಸಾಕು,” ಎಂದಿದ್ದರು. ಇನ್‌ಸ್ಪೆಕ್ಟರ್ ಶಶಿಕಾಂತ್ ಕೇಳಿದ್ದೂ ಅದನ್ನೇ: “ನಾಲ್ಕು ಗಂಟೆ ಒಳಗೆ ಫೋನ್ ಮಾಡ್ರಿ. ಹೌದು ಅಂದ್ರೆ ಸಂಜೆಗೆ ಒಳಗೆ ಹಾಕ್ತೀನಿ.”

ಒಂದು ಮಾತು. ಒಂದೇ ಒಂದು “ಹೌದು.” ನಿನ್ನೆ ಸಂಜೆ ಮೊಳಕಾಲ್ಮೂರಿಗೆ ಬಂದು ಲಾಡ್ಜ್ ಹಿಡಿದಾಗಿನಿಂದ ಆ ಮಾತು ಅವನ ನಾಲಿಗೆಯ ಮೇಲೆ ಬೆಲ್ಲದಚ್ಚಿನಂತೆ ಕರಗುತ್ತಿತ್ತು. ಇಂಥ ಮುಂಗಾಲನ್ನು ಪ್ರದೀಪನಲ್ಲದೆ ಇನ್ನಾರು ಬರೆದಾರು?

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು.

ಪ್ರದೀಪ್ ಆ ಹಾಳೆಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡ. ಬಹಳ ಹೊತ್ತು ನೋಡಿದ. ಮುಖದಲ್ಲಿ ಭಯ ಮೂಡುವುದೆಂದು ಕಾದಿದ್ದ ಮಾರುತೇಶನಿಗೆ ಅಲ್ಲಿ ಕಂಡದ್ದು ಬೇರೆ. ಅದು ತನಗೆ ಚೆನ್ನಾಗಿ ಗೊತ್ತಿದ್ದ ಮುಖಭಾವ. ಕನ್ನಡಿಯಲ್ಲಿ ಹದಿನೆಂಟು ವರ್ಷ ಕಂಡದ್ದು.

“ಯಾರಲೇ ಬರೆದಿದ್ದು ಇದನ್ನ?” ಎಂದ ಪ್ರದೀಪ್.

“ನಾಟಕ ಬ್ಯಾಡ. ಬರಿ ಅಂದ್ನಲ್ಲ.”

ಪ್ರದೀಪ್ ಖಾಲಿ ಹಾಳೆಯೊಂದನ್ನೆಳೆದುಕೊಂಡ. ಪೆನ್ಸಿಲನ್ನು ಹಗುರವಾಗಿ ಹಿಡಿದು ಮೊದಲು ಮೂರು ಮೊಟ್ಟೆ ಬರೆದ. ದೇಹಕ್ಕೊಂದು, ಭುಜಕ್ಕೊಂದು, ತಲೆಗೊಂದು. ಮೇಷ್ಟ್ರು ಪ್ರತಿ ಪುಟದ ಕೆಳಗೆ ನಾಲ್ಕು ಪುಟ್ಟ ಚೌಕಗಳಲ್ಲಿ ಚಿತ್ರ ಬೆಳೆಯುವ ಕ್ರಮವನ್ನು ತೋರಿಸಿರುತ್ತಿದ್ದರು. ಮೊದಲು ಮೊಟ್ಟೆ, ಆಮೇಲೆ ಹೊರಗೆರೆ, ಆಮೇಲೆ ಕಣ್ಣು ಕೊಂಬು ಗೊರಸು, ಕಟ್ಟಕಡೆಗೆ ನೆರಳು. ಅವರಲ್ಲಿ ಕಲಿತ ಯಾರೂ ಮೊಟ್ಟೆಯಿಡದೆ ಗೆರೆಯೆಳೆಯರು. ಉಣ್ಣುವ ಮುಂಚೆ ಕೈತೊಳೆದಂತೆ ಅದು ಅಭ್ಯಾಸ.

ಗೆರೆ ಇಣಿಯಿಂದ ಹೊರಟು ಬೆನ್ನಿನ ಮೇಲೆ ಜಾರಿ ಬಾಲಕ್ಕೆ ಇಳಿಯಿತು. ಸೀಟಿಯೊಂದು ಮಾತ್ರ ಇರಲಿಲ್ಲ. ಮಾರುತೇಶ ಆ ಕೈಯನ್ನೇ ನೋಡಿದ. ಹದಿನೆಂಟು ವರ್ಷವಾದರೂ ಈ ಬಡ್ಡಿಮಗನ ಮಣಿಕಟ್ಟು ಮಾತ್ರ ಹಾಗೆಯೇ ಇದೆ!

ಐದೇ ನಿಮಿಷಕ್ಕೆ ಹೋರಿ ಹಾಳೆಯ ಮೇಲೆ ಏಳತೊಡಗಿತು. ಪ್ರದೀಪ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟ.

“ನಿನ್ ಹಾಳೇಲಿ ಮೊಟ್ಟೆ ಎಲ್ಲೈತೆ, ತೋರ್ಸು.”

ಮಾರುತೇಶ ಬಾಗಿ ನೋಡಿದ. ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿದ. ಕಿಟಕಿಯ ಬೆಳಕಿಗೆ ಹಾಳೆಯನ್ನು ಓರೆಯಾಗಿ ಹಿಡಿದು, ಅಳಿಸಿದ ಗುರುತಾದರೂ ಸಿಕ್ಕೀತೇನೋ ಎಂದು ಹುಡುಕಿದ. ರಬ್ಬರ್ ತಾಗಿಯೇ ಇರಲಿಲ್ಲ. ಮೊಟ್ಟೆಯಿಲ್ಲ, ಹೊರಗೆರೆಯಿಲ್ಲ. ಕೆಳಗಿನಿಂದ ಆರಂಭಿಸಿ, ಒಂದೊಂದು ಬೆರಳಿನಗಲದಷ್ಟನ್ನು ನೆರಳುಸಮೇತ ಮುಗಿಸುತ್ತ, ಯಾರೋ ಮೇಲಕ್ಕೆ ಹತ್ತಿದ್ದರು.

ಇಷ್ಟು ದಿನ ಈ ಹಾಳೆ ಅವನ ಚೀಲದಲ್ಲಿತ್ತು. ಇಷ್ಟು ದಿನವೂ ಅವನ ಕಣ್ಣು ಆ ಮುಂಗಾಲನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

“ನೀನು ಅವತ್ತು ಯಾಕ್ ಹೋಗಿದ್ದೆ?” ಎಂದ, ಸೋಲನ್ನು ಗದರಿಕೆಯಲ್ಲಿ ಮುಚ್ಚಿಕೊಳ್ಳುತ್ತ.

ಪ್ರದೀಪ್ ಬಾಗಿಲಿನ ಕಡೆ ನೋಡಿಕೊಂಡು ಹೇಳಿದ: “ಏಳನೇ ಪುಸ್ತಕ ಕೇಳಾಕೆ. ಆರು ಮುಗಿಸಿ ಹತ್ತು ವರ್ಷ ಆಗೈತಲೇ. ‘ಇನ್ನೂ ಕಾಲ ಬಂದಿಲ್ಲ’ ಅಂತಾನೇ ಇದ್ರು. ಅವತ್ತು ಯಾವ ಮೂಡಿನಾಗಿದ್ರೋ, ಬೀರು ತೆಗೆದು ತಾವೇ ಕೈಗಿಟ್ರು.”

“ಏನಿತ್ತು ಅದ್ರಾಗೆ?”

“ಮುಖಗಳು. ಬರೀ ಮುಖ, ಕೆಳಗೆ ಚೌಕಾನೂ ಇಲ್ಲ. ನಗೋದು, ಅಳೋದು, ಮುದುಕರು, ಎಳೇರು. ನಾನು ಹಾಳೆ ತಿರುವಿದೆ. ಹಿಂಬದಿ ಖಾಲಿ ಇರ್ಬೇಕಲ್ವಾ? ಇರ್ಲಿಲ್ಲ.”

ಅವನು ಮಾರುತೇಶನತ್ತ ಬಾಗಿದ.

“ಪ್ರತಿ ಹಾಳೆ ಹಿಂದೇನೂ ಅದೇ ಮುಖದ ನಕಲು ಐತೆ ಕಣಲೇ. ನಕಲು ಅನ್ನೋಕೂ ಬಾಯಿ ಬರಲ್ಲ. ಮೇಷ್ಟ್ರು ಬರೆದಿದ್ದೇ ನಕಲು, ಹಿಂದಿರೋದೇ ಅಸಲು ಅನ್ನಂಗೈತೆ. ನಾನು ತೋರಿಸಿದೆ. ಅಲ್ಲೀವರೆಗೂ ಅವರೂ ನೋಡಿರ್ಲಿಲ್ಲ. ಅವರ ಮುಖ ನೀನು ನೋಡಬೇಕಿತ್ತು. ಸಿಟ್ಟಲ್ಲ. ನಮ್ಮಿಬ್ಬರಿಗೂ ಬರುತ್ತಲ್ಲ, ಆ ಕಾಯಿಲೆ. ‘ಯಾರು? ಯಾರು ಮುಟ್ಟಿದ್ದು?’ ಅಂತ ಕೂಗಿ, ನನ್ನನ್ನ ಆಚೆ ಕಳಿಸಿದ್ರು. ನಾನು ಇಳಿದು ಬರೋವಾಗ ಮೇಷ್ಟ್ರು ಗಟ್ಟಿಯಾಗಿ ನಿಂತಿದ್ರಪ್ಪಾ, ದೇವರಾಣೆ.”

“ಪೊಲೀಸಿಗೆ ಯಾಕ್ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನನಗಿಂತ ಚೆನ್ನಾಗಿ ಬರೆಯೋರು ಇನ್ನೊಬ್ರು ಅವ್ರೆ ಅಂತಲಾ?” ಪ್ರದೀಪ್ ವಿಕಾರವಾಗಿ ನಕ್ಕ. “ಜೈಲೇ ವಾಸಿ ಅನ್ನಿಸ್ತು.”

ಆ ಮಾತು ಸುಳ್ಳಲ್ಲವೆಂಬುದಕ್ಕೆ ಮಾರುತೇಶನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಈ ಬಗೆಯ ಸಂಕಟವನ್ನು ಅನುಭವಿಸದವನು ಕಲ್ಪಿಸಿ ಹೇಳಲಾರ.

ಮಗ್ಗ ಥಟ್ಟನೆ ನಿಂತಿತು. ಮೊಳಕಾಲ ಮಟ್ಟದ ಕುಣಿಯೊಳಗಿಂದ ಕಾಲು ತೆಗೆಯದೆಯೇ ರಾಧಮ್ಮ ಕೈಚಾಚಿದಳು. ಅರವತ್ತೈದರ ಆ ಹೆಂಗಸಿನ ಬೆರಳುಗಳಿಗೆ ಲಾಳಿಯ ಕಸುವಿತ್ತು.

“ಏಮಿ ನಾಯನಾ, ಆಗಿಂದ ಮೊಟ್ಟೆ ಮೊಟ್ಟೆ ಅಂತೀರಿ, ಕೋಳಿ ಯಾವುದು ಅಂತ ನೋಡೋಣ. ಇಟು ಇಯ್ಯಿ, ಇಲ್ಲಿ ಕೊಡು ಆ ಕಾಗದ.”

ಮಾರುತೇಶ ಕೊಟ್ಟ. ಆಕೆ ಹೋರಿಯನ್ನು ನೋಡಲಿಲ್ಲ. ಅಂಚಿನ ಗೀಟುಗಳ ಮೇಲೆ ಹೆಬ್ಬೆರಳಿಟ್ಟು ಎಣಿಸುತ್ತ ಹೋದಳು.

“ಇದು ಮಗ್ಗದ ಕೈ,” ಎಂದಳು.

“ಅದು ಹೆಂಗೆ ಹೇಳ್ತೀಯ ಅಜ್ಜಿ?” ಎಂದ ಮಾರುತೇಶ.

“ಕೆಳಗಿಂದ ಹತ್ಯಾರೆ ನೋಡು. ನಾವು ಬುಟ್ಟಾದಾಗೆ ಹಕ್ಕಿ ನೇಯ್ದು ಎತ್ತೋದು ಹಿಂಗೇ ಅಲ್ವಾ? ಮೊದ್ಲು ಕಾಲು, ಆಮ್ಯಾಕೆ ಹೊಟ್ಟೆ, ಕೊನೀಗೆ ಕೊಕ್ಕು. ಕಾಲಿನ ಎಳೆ ಮುಗೀದೆ ಹೊಟ್ಟೆ ಎಲ್ಲಿಂದ ಬರುತ್ತೆ? ಈ ಗೀಟು ಐತಲ್ಲ, ಇದು ಎಳೆ ಲೆಕ್ಕ. ಈಗ ಎಳೆ ತಾನೇ ಎತ್ತೋ ಜಕಾರ್ಡ್ ಅಟ್ಟೆ ಬಂದಮ್ಯಾಲೆ ಯಾರೂ ಹಾಕಲ್ಲ. ನಮ್ ಕಾಲದೋರು ಹಾಕ್ತಿದ್ವಿ.”

“ಅಂದ್ರೆ ಈ ಊರಿನ ನೇಕಾರರು ಯಾರೋ ಬರೆದಿದ್ದು?”

“ಮಗ್ಗದ ಮನೇಲಿ ಹುಟ್ಟಿ, ಮಗ್ಗ ಬಿಟ್ಟು ಹೋದೋರು. ಮಗ್ಗ ಇದ್ದೋರು ಕಾಗದದ ಮ್ಯಾಲೆ ಯಾಕ್ ಬರೀತಾರೆ, ಹುಚ್ಚಾ?”

ಮಾರುತೇಶ ಮೆಲ್ಲಗೆ ಕೇಳಿದ: “ಈ ಬೀದಿಯಿಂದ ಚಳ್ಳಕೆರೆಗೆ ಹೋದೋರು ಯಾರಾದ್ರೂ ಅವ್ರಾ?”

ರಾಧಮ್ಮ ಬೊಚ್ಚು ಬಾಯಿ ಬಿಟ್ಟು ನಕ್ಕಳು. “ನಿಮ್ ಮೇಷ್ಟ್ರ ಮನೆಯಾಕೆ ಎಲ್ಲಿಯೋಳು ಅನ್ಕಂಡ್ರಿ? ಮೂರನೇ ಮನೆ ಲಕ್ಷ್ಮಿ. ನಾನೂ ಆಕೀನೂ ಇದೇ ಕುಣಿಯಾಗೆ ಕಾಲು ಬಿಟ್ಕಂಡು ಕಲಿತಿದ್ದು. ಆಕೆ ಎತ್ತಿದ ಹಂಸ ನೋಡಾಕೆ ಬಳ್ಳಾರಿ ಸಾವ್ಕಾರು ಬರ್ತಿದ್ರು. ಮದುವೆ ಮಾಡಿ ಕೊಟ್ರು, ಅವರಪ್ಪ ಮಗ್ಗ ಮಾರಿದ್ರು. ಮತ್ತೆ ಈ ಕಡೆ ಮುಖ ಹಾಕ್ಲಿಲ್ಲ ಮಹಾತಾಯಿ.”

ಪ್ರದೀಪ್ ಆಕೆಯ ಕೈಯಿಂದ ಹಾಳೆಯನ್ನು ತೆಗೆದುಕೊಂಡು ಮತ್ತೆ ಮುಂದಿಟ್ಟ.

ಮಾರುತೇಶನಿಗೆ ಆ ಭಾನುವಾರಗಳು ನೆನಪಾದವು. ಖಾರ ಮಂಡಕ್ಕಿಯ ತಟ್ಟೆ ಹಿಡಿದು ಲಕ್ಷ್ಮಕ್ಕ ಮಹಡಿ ಹತ್ತಿ ಬರುತ್ತಿದ್ದರು. “ಅಲ್ಲೇ ಇಡು, ಒಳಗೆ ಬರಬೇಡ,” ಎನ್ನುತ್ತಿದ್ದರು ಮೇಷ್ಟ್ರು. ತಟ್ಟೆಯಿಟ್ಟ ಮೇಲೂ ಆಕೆ ಹೊಸ್ತಿಲಾಚೆ ಕೊಂಚ ಹೊತ್ತು ನಿಂತಿರುತ್ತಿದ್ದರು. ಮೆಟ್ಟಿಲು ಹತ್ತಿದ ಆಯಾಸವೆಂದು ಹುಡುಗರೆಲ್ಲ ತಿಳಿದಿದ್ದರು. ಆ ದೂರದಿಂದ ದೊಡ್ಡ ಚಿತ್ರ ಕಾಣುತ್ತಿತ್ತೇ ಹೊರತು ಪುಟದ ಕೆಳಗಿನ ಪುಟ್ಟ ಚೌಕಗಳು ಕಾಣುತ್ತಿರಲಿಲ್ಲ. ಮೊಟ್ಟೆಯ ಪಾಠವನ್ನು ಆಕೆಗೆ ಯಾರೂ ಹೇಳಿರಲಿಲ್ಲ.

ಮುಂದಿನದು ತಾನಾಗಿಯೇ ಬಿಚ್ಚಿಕೊಂಡಿತು. ಪ್ರದೀಪ್ ಹೋದ ಮೇಲೆ ಮೇಷ್ಟ್ರು ಹೆಂಡತಿಯನ್ನು ಮೇಲಕ್ಕೆ ಕರೆದಿರಬೇಕು. ತಾನು ಈಗ ಪ್ರದೀಪನಿಗೆ ಹೇಳಿದ ಮಾತನ್ನೇ ಅವರೂ ಹೇಳಿರಬೇಕು: ಬರಿ, ನನ್ನ ಕಣ್ಣೆದುರಿಗೇ ಬರಿ. ಆಕೆ ಗೊರಸಿನಿಂದ ಹತ್ತತೊಡಗಿದರು. ಹೊಟ್ಟೆಯವರೆಗೆ ಬಂದರು. ಅಲ್ಲಿಗೆ ಪೆನ್ಸಿಲ್ ನಿಂತಿತು.

ಯಾಕೆ ನಿಂತಿತು? ಯಾರು ಯಾರ ಕೈ ಹಿಡಿದರು? ಮೆಟ್ಟಿಲ ತುದಿಯಲ್ಲಿ ಯಾರು ಯಾರನ್ನು ನೂಕಿದರು? ಏಳನೆಯ ಪುಸ್ತಕವನ್ನು ಬಚ್ಚಿಟ್ಟವರು ಯಾರೆಂದು ಮಾತ್ರ ಕೇಳಬೇಕಾಗಿರಲಿಲ್ಲ.

ಇಂಥ ಹೊತ್ತಿನಲ್ಲಿಯೂ ಮಾರುತೇಶನ ಕಣ್ಣು ಮತ್ತೆ ಆ ಮಡಿಚಿದ ಮುಂಗಾಲಿಗೇ ಹೋಯಿತು. ಹೊಸ್ತಿಲಾಚೆ ನಿಂತು, ಕದ್ದು ನೋಡಿ, ಆಕೆ ಇದನ್ನು ಸಾಧಿಸಿದ್ದರು. ಅರವತ್ತು ದಾಟಿದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ತಾನು ಅಗ್ಗವೇ ಎಂದು ಕೇಳಿಕೊಂಡ. ಹೌದೆಂಬ ಉತ್ತರ ತಡಮಾಡದೆ ಬಂತು.

ಫೋನು ನಡುಗಿತು. ಲಕ್ಷ್ಮಕ್ಕ.

“ಹೇಳಿದ್ಯಾ ಮಾರುತೇಶಾ, ಪೊಲೀಸಿನೋರಿಗೆ?”

“ಇಲ್ಲಮ್ಮಾ. ಇನ್ನೂ ಇಲ್ಲ.”

“ಹೇಳಿಬಿಡಪ್ಪಾ, ತಡ ಯಾಕೆ? ಇಲ್ಲಿ ಒಂದು ಸಮಾಚಾರ. ಅವರು ಬೆಳಿಗ್ಗೆ ಕಣ್ಣು ಬಿಟ್ರು.”

“ಮಾತಾಡಿದ್ರಾ?”

“ಮಾತಿಲ್ಲ. ಬಲಗೈ ಒಂದು ಆಡ್ತೈತೆ. ನರ್ಸಮ್ಮ ಕಿವಿ ಹತ್ರ ಬಗ್ಗಿ, ‘ಯಾರು ತಳ್ಳಿದ್ದು ಅಜ್ಜಾ, ಬರೆದು ತೋರ್ಸು’ ಅಂತ ಕಾಗದ ಕೊಟ್ಳು.”

“ಏನ್ ಬರೆದ್ರು?”



“ನನ್ ಮುಖ ಬರೆದ್ರು ಕಣಪ್ಪಾ. ಲಗ್ನ ಆಗಿ ನಲವತ್ತೆರಡು ವರ್ಷ ಆಯ್ತು, ಒಂದ್ ದಿನಾನೂ ಬರೆದಿರ್ಲಿಲ್ಲ. ನರ್ಸಮ್ಮ ‘ಪಾಪ, ಹೆಂಡ್ತೀನ ಕೇಳ್ತಾವ್ರೆ’ ಅಂದ್ಳು. ನಾನು ಮಡಚಿ ಸೊಂಟಕ್ಕೆ ಸಿಗಿಸ್ಕಂಡೆ. ಈಗ ಮನೆಗೆ ಕರ್ಕಂಡು ಹೊರಟಿದೀನಿ. ಡಾಕ್ಟ್ರು ಬ್ಯಾಡ ಅಂದ್ರು, ನಾನು ಸಹಿ ಹಾಕಿದೆ.”

“ಅಮ್ಮಾ, ಸ್ವಲ್ಪ ತಡೀರಿ. ಆ ಮನೇಲಿ ನೀವೊಬ್ರೇ ಹೆಂಗೆ...”

“ಇಬ್ರು ಇದೀವಲ್ಲ. ಮಹಡೀಲೇ ಹಾಸಿಗೆ ಹಾಕ್ತೀನಿ. ಈ ಸಲ ನಾನೂ ಒಳಗೇ ಕೂತ್ಕತೀನಿ. ನೀನು ಬರೋದು ಬ್ಯಾಡ. ಯಾರೂ ಬರೋದು ಬ್ಯಾಡ.”

ಕರೆ ಕಡಿಯಿತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಮಾರುತೇಶ ಶಶಿಕಾಂತರ ನಂಬರು ಒತ್ತಿದ. ಪ್ರದೀಪ್ ಅವನನ್ನೇ ನೋಡುತ್ತಿದ್ದ. ಬೇಡಿಕೊಳ್ಳುವಂತೆಯೂ ಅಲ್ಲ, ಹೆದರಿದಂತೆಯೂ ಅಲ್ಲ.

“ಹೇಳ್ರೀ ಮಾರುತೇಶ್. ಅವನದೇ ಕೈ ತಾನೇ? ಜೀಪ್ ಕಳಿಸ್ಲಾ?”

ಬೆಲ್ಲದಚ್ಚು ಇನ್ನೂ ನಾಲಿಗೆಯ ಮೇಲಿತ್ತು. ಉಗುಳಲು ಅವನಿಗೆ ಎರಡು ಉಸಿರು ಬೇಕಾದವು.

“ಅಲ್ಲ ಸಾರ್. ಪ್ರದೀಪ್ ಅಲ್ಲ.”

“ಮತ್ಯಾರ್ರೀ?”

“ಮೇಷ್ಟ್ರು ಮನೆ ಸೇರೋ ಹೊತ್ತಿಗೆ ನೀವು ಅಲ್ಲಿರಿ ಸಾರ್. ನಾನೂ ಬರ್ತೀನಿ.”

“ನಾನು ಬಂದೋಬಸ್ತಿಗೆ ಬಂದಿದೀನಿ ಕಣ್ರೀ, ಆರು ಗಂಟೆವರೆಗೂ ಅಲ್ಲಾಡೋ ಹಂಗಿಲ್ಲ. ಹೆಸರು ಹೇಳ್ರಿ!”

ಮಾರುತೇಶ ಹೆಸರು ಹೇಳಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡ ಆ ಮುಖ ದೂರೋ ಮಮತೆಯೋ ತಿಳಿಯದೆ ಹೇಗೆ ಹೇಳುವುದು?

ಪ್ರದೀಪ್ ಬೈಕಿನ ಕೀಲಿಯನ್ನು ಅವನತ್ತ ಎಸೆದ. “ಮೂರನೇ ಗೇರು ಬೀಳಲ್ಲ, ನೋಡ್ಕಂಡು ಓಡ್ಸು. ಲೇ, ಆ ಏಳನೇ ಪುಸ್ತಕ ಸಿಕ್ರೆ ಮೊದ್ಲು ನನಗೆ ಕೊಡು.”

“ಮೊದ್ಲು ನಾನು ನೋಡ್ತೀನಿ. ಆಮೇಲೆ ನೀನು.”

ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಅವನಿಗೆ ಕಟ್ಟಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಒಣಗದ ಅಂಗಿಯೊಂದು, ಟವೆಲ್ಲು, ಹಲ್ಲುಜ್ಜುವ ಬ್ರಷ್ಷು, ಅರ್ಧ ಪಾಕೆಟ್ ಬ್ರೆಡ್ಡು. ಎಲ್ಲವನ್ನೂ ಚೀಲಕ್ಕೆ ತುರುಕಿ, ಕೋಣೆಯ ಬೀಗದ ಕೈಯನ್ನು ಮೇಜಿನವನ ಮುಂದೆಸೆದು, ಚೀಲವನ್ನು ಹಗ್ಗದಿಂದ ಬೈಕಿನ ಹಿಂಬದಿಗೆ ಬಿಗಿದ. ಚಿತ್ರದುರ್ಗದಿಂದ ಚಳ್ಳಕೆರೆಗೆ ಅವರಿಗೆ ಒಂದು ಗಂಟೆಯೂ ಬೇಡ. ಇಲ್ಲಿಂದ ತನಗೆ ಅದಕ್ಕೂ ಮಿಗಿಲು.

ಚಳ್ಳಕೆರೆಯ ದಿಕ್ಕಿನ ಹಾನಗಲ್ ರಸ್ತೆಗೆ ತಿರುಗುತ್ತಲೇ ಎರಡನೆಯ ಗೇರಿನಲ್ಲಿ ಬೈಕು ಕ್ಯಾಕರಿಸಿತು. ಮಾರುತೇಶ ಆ್ಯಕ್ಸಿಲರೇಟರನ್ನು ಕೊನೆಯವರೆಗೆ ತಿರುವಿದ.